ತೆಪ್ಪ ತೇಲಿತು, ಮೀನೂ ತೇಲಿತು

ಎಲ್ಲರೂ ಮೈಲುತುತ್ತು ತಂದಿಡುವ ಸಮಯ. ಈ ಸಲ ಅದರ ರೇಟಿನ ಬಗ್ಗೆ ಬರೆಯುವುದಿಲ್ಲ ಮಾರ್ರೆ. ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತೇನೆ. ಬರೆಯುವುದೋ ಬೇಡವೋ ಅಂತ ಒಂದು ವರ್ಷ ಯೋಚನೆ ಮಾಡಿದೆ, ಮರ್ಯಾದೆಯ ವಿಷಯ ನೋಡಿ. ಆದರೆ ನಮ್ಮ ಹಾಗೆ ತೋಟದಲ್ಲಿ ಕೆರೆ ಇರುವವರು, ಶೆಡ್ಡಿನಲ್ಲಿ ನೀಲಿ ಡ್ರಮ್ಮು ಇರುವವರು, ರಜೆಯಲ್ಲಿ ಮನೆ ತುಂಬ ಮಕ್ಕಳು ಇರುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದಕ್ಕೆ ಬರೆದೇ ಬಿಡುತ್ತೇನೆ.

ನಮ್ಮ ಮನೆ ಅಜಿಲಮೊಗರಿನ ಹತ್ತಿರ. ಹೊಳೆ ದಾಟಿದರೆ ಕಡೇಶಿವಾಲಯ. ಈಚೆ ಮಸೀದಿ, ಆಚೆ ದೇವಸ್ಥಾನ, ನಡುವೆ ನೇತ್ರಾವತಿ. ನಮ್ಮಪ್ಪನ ಕಾಲದಲ್ಲಿ ಆಚೆ ಹೋಗಬೇಕಾದರೆ ಕಡವಿನ ದೋಣಿಯೇ ಗತಿ. ಅಪ್ಪನ ಸೋದರಮಾವ ಆ ದೋಣಿಗೆ ಗಳ ಹಾಕುತ್ತಿದ್ದರಂತೆ. ಅವರ ಜೊತೆ ಸುತ್ತಿ ಸುತ್ತಿ ಅಪ್ಪನಿಗೂ ನೀರಿನ ವಿದ್ಯೆ ಬಂದಿತ್ತು. 1974ರ ನೆರೆಯ ಸುದ್ದಿ ತೆಗೆದರೆ ಈಗಲೂ ಊಟ ಆರುವವರೆಗೆ ಹೇಳುತ್ತಾರೆ. ಬಂಟ್ವಾಳ ಪೇಟೆಗೆ ಹೊಳೆ ನುಗ್ಗಿದ ವರ್ಷ ಅದು. ಎಷ್ಟು ದೊಡ್ಡ ನೆರೆ ಬಂದರೂ ಹಳಬರು ಅದನ್ನು ಅಳೆಯುವುದು ಎಪ್ಪತ್ತನಾಲ್ಕರ ನೆರೆಗೆ ಹಿಡಿದೇ.

ಹೀಗೆ ಹೊಳೆ ನೋಡಿ ಬೆಳೆದ ಮನೆಯಲ್ಲಿ ಮಕ್ಕಳಿಗೆ ದೋಣಿ ಅಂದರೆ ಮೊಬೈಲಿನಲ್ಲಿ ಕಾಣುವುದು ಮಾತ್ರ. ಏಳನೇ ಕ್ಲಾಸು ಮುಗಿಸಿದ ಮಗ ಏಪ್ರಿಲಿನಲ್ಲಿ ಒಂದು ದಿನ ವಿಡಿಯೋ ತೋರಿಸಿದ. ಯಾವುದೋ ದೇಶದಲ್ಲಿ ಅಪ್ಪ ಮಗ ಸೇರಿ ಡ್ರಮ್ಮಿನ ತೆಪ್ಪ ಕಟ್ಟುತ್ತಾರೆ. "ಪಪ್ಪಾ, ನಾವೂ ಮಾಡುವಾ" ಅಂದ. ಅಡಿಕೆ ಸುಲಿದು ಆಗಿತ್ತು, ಮಳೆಗೆ ಇನ್ನೂ ಒಂದೂವರೆ ತಿಂಗಳು ಉಂಟು. ಆಯ್ತು ಅಂದೆ. ನಿಜ ಹೇಳುವುದಾದರೆ ಅವನಿಗಿಂತ ಹೆಚ್ಚು ಆಸೆ ನನಗೇ ಇತ್ತು. ನಾವು ಸಣ್ಣವರಿರುವಾಗ ಬಾಳೆದಿಂಡಿಗೆ ಬಿದಿರ ಗೂಟ ಹೊಡೆದು ಮಾಡಿದ ತೆಪ್ಪ ಎರಡನೇ ದಿನಕ್ಕೆ ಕೊಳೆತು ನಾರುತ್ತಿತ್ತು. ಆ ಬಾಕಿ ಹಾಗೆಯೇ ಉಳಿದಿತ್ತು.

ನಮ್ಮ ಕೆರೆ 40 ಅಡಿ ಉದ್ದ, 30 ಅಡಿ ಅಗಲ. ಮುರಕಲ್ಲಿನ ದಂಡೆ. ಮಳೆಗಾಲದಲ್ಲಿ ತುಂಬಿ ತೋಡಿಗೆ ಹರಿಯುತ್ತದೆ, ಏಪ್ರಿಲ್ ಕೊನೆಗೆ 5 ಅಡಿ ನೀರು ಉಳಿದರೆ ಹೆಚ್ಚು. ಹಿಂದಿನ ಜುಲೈಯಲ್ಲಿ 300 ಕಾಟ್ಲಾ, ರೋಹು ಮರಿ ಬಿಟ್ಟಿದ್ದೆವು. ಮಿಂಚುಳ್ಳಿ, ಆಮೆ, ನೀರುಹಾವು ತಿಂದು ಉಳಿದವು ಅರ್ಧ ಕಿಲೋ ದಾಟಿದ್ದವು. ಸಂಜೆ ಮಗಳು ತೌಡು ಹಾಕಿದರೆ ನೀರು ಕುದಿದ ಹಾಗೆ ಮೇಲೆ ಬರುತ್ತಿದ್ದವು.

ತೆಪ್ಪಕ್ಕೆ ಬೇಕಾದದ್ದು 200 ಲೀಟರಿನ ನಾಲ್ಕು ಡ್ರಮ್ಮು. ಲೆಕ್ಕ ಸುಲಭ. ಒಂದು ಡ್ರಮ್ಮು ಪೂರ್ತಿ ಮುಳುಗಿದರೆ 200 ಕಿಲೋ ತೂಕ ಎತ್ತುತ್ತದೆ, ನಾಲ್ಕಕ್ಕೆ 800. ಆದರೆ ಡ್ರಮ್ಮು ಅರ್ಧಕ್ಕಿಂತ ಹೆಚ್ಚು ಮುಳುಗಬಾರದು, ಹಾಗಾದರೆ 400. ಅದರಲ್ಲಿ ಮರ ಮತ್ತು ಡ್ರಮ್ಮಿನ ತೂಕ ಕಳೆದರೆ ಒಬ್ಬ ದೊಡ್ಡವ, ಇಬ್ಬರು ಮಕ್ಕಳಿಗೆ ಧಾರಾಳ. ಮೂಡುಬಿದಿರೆಯ ಭಾವ ಮೂರು ಡ್ರಮ್ಮು ಪಿಕಪ್ಪಿನಲ್ಲಿ ಹಾಕಿ ತಂದರು. ಅವು ತಿಂಡಿ ಮಾಡುವಲ್ಲಿಂದ ಬಂದವು, ಒಳಗೆ ಬೆಲ್ಲದ ವಾಸನೆ. ನಾಲ್ಕನೆಯದು ನಮ್ಮ ಶೆಡ್ಡಿನದ್ದೇ, ಮುಚ್ಚಳಕ್ಕೆ ರಿಂಗ್ ಬರುವ ಜಾತಿಯದ್ದು.

ಮೊದಲನೇ ಸಲ ನಾಲ್ಕನ್ನೂ ಒತ್ತಿ ಒತ್ತಿ ಕಟ್ಟಿದೆವು. ಮೇಲೆ ಅಡಿಕೆ ಮರ ಸೀಳಿದ ಸಲಾಕೆ, ಕಟ್ಟಲಿಕ್ಕೆ ನೈಲಾನ್ ಹಗ್ಗ ಮತ್ತು ಹಳೆ ಬೈಕಿನ ಟ್ಯೂಬು. ಉದ್ಘಾಟನೆಗೆ ನಾನೇ ಹತ್ತಿದೆ. ಒಂದು ಹೆಜ್ಜೆ ಬದಿಗೆ ಇಟ್ಟದ್ದೇ ತಡ, ತೆಪ್ಪ ಮಗುಚಿತು, ನಾನು ಲುಂಗಿ ಸಮೇತ ಕೆರೆಯೊಳಗೆ. ದಂಡೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಅಪ್ಪ ಎಲೆಯಡಿಕೆ ಉಗಿದು ನಕ್ಕರು. "ಎರಡು ಅಲ್ಲಿ, ಎರಡು ಇಲ್ಲಿ. ನಡುವೆ ಎರಡೂವರೆ ಅಡಿ ಖಾಲಿ ಬಿಡು. ಕಾಲು ಅಗಲಿಸಿ ನಿಂತವ ಬೀಳುದಿಲ್ಲ" ಅಂದರು. ಹಾಗೆ ಮಾಡಿದ ಮೇಲೆ ಮೂರು ಜನ ಒಂದೇ ಬದಿಗೆ ಬಂದರೂ ಅಲ್ಲಾಡಲಿಲ್ಲ. ಮಾಡುವವರು ಇದ್ದರೆ ಈ ಅಳತೆ ನೆನಪಿಡಿ.

ಗಾಳಕ್ಕೆ ಹಳೆ ದೋಟಿಯ ತುದಿಯ ತುಂಡು ಒಳ್ಳೆಯ ಕೋಲು. ಕಾರ್ಬನ್ ಫೈಬರ್ ದೋಟಿಯಾದರೆ ಇನ್ನೂ ಹಗುರ. ಆದರೆ ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ಕೆರೆಯ ಮೇಲೆ ಲೈನ್ ಹಾದು ಹೋಗುವ ಕಡೆ ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ.

ಇನ್ನು ಬರೆಯಲಿಕ್ಕೆ ಮನಸ್ಸು ಬಾರದ ಭಾಗ.

ಆ ನಾಲ್ಕನೇ ಡ್ರಮ್ಮು ನಾವು ಮೈಲುತುತ್ತು ಕರಗಿಸುವ ಡ್ರಮ್ಮು. ಗೋಣಿಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಡುತ್ತೇವಲ್ಲ, ಅದೇ. ಹಿಂದಿನ ವರ್ಷ ಕೊನೆಯ ಸ್ಪ್ರೇ ದಿನ ಮಧ್ಯಾಹ್ನ ಮಳೆ ಹಿಡಿದು ಕೆಲಸ ಅರ್ಧಕ್ಕೆ ನಿಂತಿತ್ತು. ಉಳಿದದ್ದು ಹಾಗೆಯೇ ಒಣಗಿ, ಗೋಣಿ ಸಮೇತ ಅಡಿಗೆ ಅಂಟಿ ನೀಲಿ ಕಲ್ಲಾಗಿತ್ತು. ಮಗ ಬಂದು "ಪಪ್ಪಾ, ಇದರೊಳಗೆ ಏನೋ ಉಂಟು" ಅಂದ. ನಾನು ಅಡಿಕೆ ರೇಟು ಕೇಳುತ್ತಾ ಫೋನಿನಲ್ಲಿದ್ದೆ. ಕೈಸನ್ನೆಯಲ್ಲೇ ಹೇಳಿದೆ, ಕೆರೆಯಲ್ಲಿ ತೊಳೆದು ತಾ ಅಂತ.

ಅವ ಒಳ್ಳೆಯ ಹುಡುಗ. ಹೇಳಿದ ಕೆಲಸ ಚೆನ್ನಾಗಿ ಮಾಡಿದ. ಮೂರು ಸಲ ನೀರು ತುಂಬಿಸಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ, ಕೆರೆಗೇ ಮಗುಚಿದ.

ಅದು ಶನಿವಾರ. ಆದಿತ್ಯವಾರ ತೆಪ್ಪ ತೇಲಿತು. ಮಕ್ಕಳ ಬೊಬ್ಬೆ ಹೊಳೆಯವರೆಗೆ ಕೇಳಿರಬೇಕು. ಅಪ್ಪನೂ ಹತ್ತಿ ಗಳ ಹಿಡಿದು ಎರಡು ಸುತ್ತು ಹಾಕಿದರು. ಎಷ್ಟೋ ವರ್ಷದ ಮೇಲೆ ಅವರ ಬೆನ್ನು ಅಷ್ಟು ನೇರ ನಿಂತದ್ದನ್ನು ನೋಡಿದೆ. ಆದರೆ ಗಾಳಕ್ಕೆ ಒಂದೂ ಕಚ್ಚಲಿಲ್ಲ. ಎರೆಹುಳ ಹಾಕಿದೆವು, ಗೋಧಿಹಿಟ್ಟಿನ ಉಂಡೆ ಹಾಕಿದೆವು, ಊಹೂಂ. ಸಂಜೆ ತೌಡು ಹಾಕಿದರೆ ಮೀನು ಮೇಲೆ ಬರಲಿಲ್ಲ. ಅಪ್ಪ ಮಾತ್ರ ನೀರನ್ನೇ ನೋಡುತ್ತಾ ಕೂತಿದ್ದರು.

ಸೋಮವಾರ ಬೆಳಿಗ್ಗೆ ಮೀನುಗಳು ಮೇಲೆಯೇ ಇದ್ದವು, ಬಾಯಿ ತೆರೆದು ತೆರೆದು ಮುಚ್ಚುತ್ತಾ. ಸಂಜೆಗೆ ಬಿಳಿ ಹೊಟ್ಟೆ ಕಾಣಲು ಶುರುವಾಯಿತು. ಮಂಗಳವಾರ ನಾನು, ಮಗ ಅದೇ ತೆಪ್ಪದಲ್ಲಿ ಕೂತು ಬುಟ್ಟಿ ತುಂಬಿಸಿದೆವು. 143 ಲೆಕ್ಕ ಸಿಕ್ಕಿತು. ಹೊಸದಾಗಿ ಸತ್ತದ್ದನ್ನಾದರೂ ಸಾರು ಮಾಡಬಹುದಾ ಅಂತ ಮನೆಯವಳು ಕೇಳಿದಳು. ಅಪ್ಪ ಬೇಡ ಅಂದರು. ಗುಂಡಿ ತೋಡಿ ಹೂತೆವು.

ದಂಡೆಯ ಕಲ್ಲಿನ ಸಂದಿಯಲ್ಲಿ ಆ ಗೋಣಿಯ ತುಂಡು, ಅದರಲ್ಲಿ ನೀಲಿ ಬಣ್ಣ ನನಗೆ ಸಿಕ್ಕಿತು. ನೋಡಿದ ಕೂಡಲೇ ಗೊತ್ತಾಯಿತು. ಮಡಚಿ ಬಚ್ಚಿಟ್ಟೆ. ಕೇಳಿದವರಿಗೆಲ್ಲ "ಬಿಸಿಲಿಗೆ ನೀರು ಕಮ್ಮಿ ಆಗಿ ಉಸಿರು ಸಿಕ್ಕಲಿಲ್ಲ" ಅಂದೆ. ಮಗನಿಗೂ ಅದನ್ನೇ ಹೇಳಿದೆ. ಅವನ ಮನಸ್ಸಿಗೆ ಬೇಜಾರು ಆಗಬಾರದು ಅಂತ ಹೇಳಿದ್ದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನ್ನ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು.

ಆಮೇಲೆ ಲೆಕ್ಕ ಹಾಕಿದೆ. 40 ಅಡಿ, 30 ಅಡಿ, 5 ಅಡಿ ಅಂದರೆ ಸುಮಾರು 1.7 ಲಕ್ಷ ಲೀಟರ್. ಡ್ರಮ್ಮಿನಲ್ಲಿ ಅರ್ಧ ಕಿಲೋ ಮೈಲುತುತ್ತು ಉಳಿದಿತ್ತು ಅಂತಲೇ ಇಟ್ಟುಕೊಳ್ಳಿ. ಅದರ ತೂಕದಲ್ಲಿ ಕಾಲು ಭಾಗ ತಾಮ್ರ, ಅಂದರೆ 125 ಗ್ರಾಂ. ಲೀಟರಿಗೆ ಮುಕ್ಕಾಲು ಮಿಲಿಗ್ರಾಂ ಆಗುವುದಿಲ್ಲ. ನಮಗೆ ಅದು ಏನೂ ಅಲ್ಲ ಅನಿಸುತ್ತದೆ. ಮೀನಿಗೆ ಹಾಗಲ್ಲ. ತಾಮ್ರ ನೇರ ಕಿವಿರಿಗೆ ಹೊಡೆಯುತ್ತದೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಾದರೆ ಅದರ ವಿಷ ಸ್ವಲ್ಪ ಕಮ್ಮಿ. ನಮ್ಮದು ಮುರಮಣ್ಣಿನ ಮೇಲೆ ನಿಂತ ಮಳೆನೀರು, ಮೆದು ನೀರು. ಇಂಥದರಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಆಗುವ ಮೊದಲೇ ಮೀನು ಸಾಯುತ್ತದೆ.

ಮೇ ತಿಂಗಳ ಕೊನೆಗೆ ಎಲ್ಲರೂ ಶಿಶಿಲಕ್ಕೆ ಹೋದೆವು. ಬೆಳ್ತಂಗಡಿ ತಾಲೂಕಿನವರಿಗೆ ಹೇಳಬೇಕಾಗಿಲ್ಲ, ಕಪಿಲಾ ಹೊಳೆಯಲ್ಲಿ ದೇವರ ಮೀನುಗಳು ಮೆಟ್ಟಿಲಿಗೇ ಬರುತ್ತವೆ. ಮಗಳು ಹೊದಳು ಹಾಕಿ ಹಾಕಿ ಮುಗಿಸಿದಳು. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಿದ್ದವು. ಆ ಮೀನುಗಳ ನೆನಪಿಗೆ ಅಲ್ಲೊಂದು ಸ್ಮಾರಕ ಉಂಟು. ಮಗ ಅದರ ಎದುರು ತುಂಬಾ ಹೊತ್ತು ನಿಂತ. ಕಾರಿನ ಹತ್ತಿರ ಬಂದ ಮೇಲೆ ಮೆಲ್ಲ ಕೇಳಿದ, "ಪಪ್ಪಾ, ಅವರು ಗೊತ್ತಿದ್ದೂ ಹಾಕಿದ್ದು. ನಾನು ಗೊತ್ತಿಲ್ಲದೆ ಹಾಕಿದ್ದು. ಅಲ್ವಾ?"

ಒಂದು ತಿಂಗಳು ಹುಡುಗ ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದ.

ನನಗೆ ಕಾರಿನ ಬಾಗಿಲು ತೆಗೆಯಲಿಕ್ಕೆ ಕೈ ಬರಲಿಲ್ಲ. "ನೀನು ಹಾಕಿದ್ದಲ್ಲ ಮಗಾ. ಡ್ರಮ್ಮಿನಲ್ಲಿ ಏನೋ ಉಂಟು ಅಂತ ನೀನು ಹೇಳಿದಿ, ನಾನು ತಿರುಗಿ ನೋಡಲಿಲ್ಲ. ಆಮೇಲೆ ಬಿಸಿಲು ಅಂತ ಸುಳ್ಳು ಹೇಳಿದ್ದೂ ನಾನೇ" ಅಂದೆ. ಅಪ್ಪ ಹಿಂದಿನ ಸೀಟಿನಲ್ಲಿ ಕೂತಿದ್ದವರು ಏನೂ ಹೇಳಲಿಲ್ಲ. ಅವರಿಗೆ ಮೊದಲ ದಿನವೇ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು.

ನಮ್ಮ ಕೆರೆಯದ್ದು ಒಂದು ಸಲದ ತಪ್ಪು. ಆದರೆ ಸ್ಪ್ರೇ ಆದ ದಿನ ಸಂಜೆ ನಾವೆಲ್ಲ ಡ್ರಮ್ಮು, ಪಂಪು, ಪೈಪು ತೊಳೆಯುವುದು ಎಲ್ಲಿ? ತೋಡಿನಲ್ಲೇ. ಯಾವಾಗ? ಜೂನ್, ಜುಲೈಯಲ್ಲಿ. ಉಬರ್ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆ ಇಡಲಿಕ್ಕೆ ಹತ್ತುವುದೂ ಆಗಲೇ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ನಿಲ್ಲುತ್ತವೆ, ಮೀನು ಮರಿ ಮಾಡಲಿ ಅಂತ. ನಮ್ಮ ತೋಡಿನಲ್ಲಿ ಅದೇ ಸಮಯಕ್ಕೆ ಟಾರ್ಚು, ಕತ್ತಿ ಹಿಡಿದು ಇಳಿಯುತ್ತೇವೆ, ಡ್ರಮ್ಮನ್ನೂ ಅಲ್ಲೇ ತೊಳೆಯುತ್ತೇವೆ. ಆಮೇಲೆ "ಮೊದಲಿನ ಹಾಗೆ ಮುಗುಡು ಇಲ್ಲ, ತೋಟೆ ಹಾಕುವವರು ಹಾಳು ಮಾಡಿದರು" ಅಂತ ಮಾತಾಡುತ್ತೇವೆ. ತೋಟೆ ಹಾಕುವವರದ್ದು ತಪ್ಪೇ. ನಮ್ಮ ಪಾಲು ಎಷ್ಟು ಅಂತಲೂ ಕೇಳಿಕೊಳ್ಳಬೇಕಲ್ಲ. ನಮ್ಮ ತೋಡು ನೇತ್ರಾವತಿಗೆ ಸೇರುತ್ತದೆ, ಅದೇ ನೀರು ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗೆ ಹೋಗುತ್ತದೆ.

ಬೋರ್ಡೋ ಬಿಡಿ ಅಂತ ನಾನು ಹೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಬಗ್ಗೆ ಅಧ್ಯಯನ ಮಾಡಿ ನೂರು ವರ್ಷ ದಾಟಿತು, ಇವತ್ತಿಗೂ ಅಡಿಕೆಗೆ ಇದೇ ಆಧಾರ. ಬಿಟ್ಟರೆ ನಾವೇ ಉಳಿಯುವುದಿಲ್ಲ. ನಮ್ಮಲ್ಲಿ ಬದಲಿಸಿದ್ದು ಇಷ್ಟೇ:

ಡ್ರಮ್ಮು ತೊಳೆದ ನೀರನ್ನು ಚೆಲ್ಲುವುದಿಲ್ಲ, ಮುಂದಿನ ಡ್ರಮ್ಮಿನ ಮಿಶ್ರಣಕ್ಕೆ ಅದೇ ನೀರು. ಕೊನೆಯ ಡ್ರಮ್ಮಿನದ್ದನ್ನು ಸ್ಪ್ರೇಯಲ್ಲೇ ಮುಗಿಸುವುದು.

ಕರಗಿಸಿದ ಮೈಲುತುತ್ತು ಮಳೆಯಿಂದಾಗಿ ಉಳಿದರೆ ಅದಕ್ಕೆ ಸುಣ್ಣದ ನೀರು ಸೇರಿಸಿ, ಕತ್ತಿ ಅದ್ದಿ ನೋಡುವುದು. ಕತ್ತಿಗೆ ಕೆಂಪು ಹಿಡಿಯದಿದ್ದರೆ ತಾಮ್ರ ಕಟ್ಟಿತು ಅಂತ ಲೆಕ್ಕ. ಆಮೇಲೆ ಬಾವಿ, ತೋಡು, ಕೆರೆಯಿಂದ ದೂರದ ಒಂದು ಗುಂಡಿಗೆ.

ಸ್ಪ್ರೇಯ ಡ್ರಮ್ಮಿಗೆ ಕೆಂಪು ಪೈಂಟಿನ ಪಟ್ಟಿ. ಅದು ಆಟಕ್ಕಿಲ್ಲ, ನೀರು ತುಂಬಿಸಲಿಕ್ಕಿಲ್ಲ, ತೆಪ್ಪಕ್ಕಂತೂ ಇಲ್ಲವೇ ಇಲ್ಲ.

ಕೆರೆಯ ದಂಡೆಯಲ್ಲಿ ಉದ್ದದ ಹಗ್ಗ, ತುದಿಗೆ ಬಾಯಿ ಬಿಗಿದ 5 ಲೀಟರಿನ ಖಾಲಿ ಕ್ಯಾನು. ಯಾರಾದರೂ ಬಿದ್ದರೆ ಎಸೆಯಲಿಕ್ಕೆ. ಪ್ಲಾಸ್ಟಿಕ್ ಹಾಸಿದ ಕೆರೆ ಇರುವವರು ಗಂಟು ಹಾಕಿದ ಹಗ್ಗವನ್ನು ಕೆಳಗಿನವರೆಗೆ ಇಳಿಬಿಟ್ಟಿರಲೇಬೇಕು. ಆ ಶೀಟಿನ ಜಾರಿಕೆಯಲ್ಲಿ ಈಜು ಬರುವವನಿಗೂ ಮೇಲೆ ಹತ್ತಲಿಕ್ಕೆ ಆಗುವುದಿಲ್ಲ.

ತೆಪ್ಪವನ್ನು ಬಿಚ್ಚಲಿಲ್ಲ. ನಾಲ್ಕನೇ ಡ್ರಮ್ಮು ಬದಲಿಸಿದೆವು.

ಜೂನ್ ಎರಡನೇ ವಾರ ಒಂದು ರಾತ್ರಿ ಸರಿಯಾದ ಮಳೆ ಹೊಡೆಯಿತು. ಕೆರೆ ತುಂಬಿ ತೋಡಿಗೆ ಹರಿಯುತ್ತಿತ್ತು. ಅಪ್ಪ ಟಾರ್ಚು ಹಿಡಿದು ಮಗನನ್ನು ಎಬ್ಬಿಸಿದರು. ನಾನೂ ಕೊಡೆ ಹಿಡಿದು ಹಿಂದೆ ಹೋದೆ. ಹರಿವಿನ ಕಣಿಯಲ್ಲಿ, ನಾಲ್ಕು ಬೆರಳು ನೀರಿನಲ್ಲಿ, ಎರಡು ಮುಗುಡು ಮೈ ತಿರುಚುತ್ತಾ ಮೇಲೆ ಹತ್ತುತ್ತಿದ್ದವು. ಮೊದಲಾದರೆ ಅಪ್ಪನ ಕೈಯಲ್ಲಿ ಕತ್ತಿ ಇರುತ್ತಿತ್ತು. ಮಗ ಬಗ್ಗಿ ಹಿಡಿಯಲಿಕ್ಕೆ ಹೊರಟ. ಅಪ್ಪ ಅವನ ಭುಜ ಹಿಡಿದು ನಿಲ್ಲಿಸಿದರು.

"ಹೋಗಲಿ ಮಗಾ. ನಮ್ಮ ಕೆರೆಗೇ ಬರುತ್ತಾ ಉಂಟು" ಅಂದರು.

ಈ ಸಲ ಸ್ಪ್ರೇ ಮುಗಿದ ಸಂಜೆ ಡ್ರಮ್ಮು ಎಲ್ಲಿ ತೊಳೆಯುತ್ತೀರಿ ಅಂತ ಒಮ್ಮೆ ನೋಡಿ. ಇದಕ್ಕಿಂತ ಒಳ್ಳೆಯ ಉಪಾಯ ನಿಮ್ಮಲ್ಲಿ ಇದ್ದರೆ ಹೇಳಿ, ನಾನೂ ಮಾಡುತ್ತೇನೆ. ತೆಪ್ಪ ನೋಡುವ ಆಸೆ ಇದ್ದವರು ಆದಿತ್ಯವಾರ ಬನ್ನಿ. ಮಗನೇ ಸುತ್ತು ಹಾಕಿಸುತ್ತಾನೆ.