ಅಂಬಾಸಿಡರಿನ ಗಾದಿ ಮನ್ಯಾಗ ಹೊಲಿದಿದ್ದು

ಈ ಸಲ ಅಡಿಗಿ ಸುದ್ದಿ ಇಲ್ಲ, ಹಪ್ಪಳ ಸಂಡಿಗಿನೂ ಇಲ್ಲ. ಹ್ವಾದ ಬ್ಯಾಸಗಿಯಾಗ ಎರಡು ತಿಂಗಳು ನಮ್ಮ ಪಡಸಾಲ್ಯಾಗ ಕಾರಿನ ಸೀಟು ಬಿದ್ದಿದ್ವು. ಬಂದವರೆಲ್ಲಾ "ಇದೇನವಾ, ಹೊಸಾ ಸೋಫಾ ತಂದೀರಿ?" ಅಂತ ನಕ್ಕು ಹೋದ್ರು. ಆಮ್ಯಾಲೆ ಅವರೇ ಫೋನ್ ಹಚ್ಚಿ ಹ್ಯಾಂಗ ಮಾಡಿದ್ರಿ ಅಂತ ಕೇಳಾಕತ್ತಿದ್ರು. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಒಮ್ಮೆ ಬರದಬಿಡೂದು ಚಲೋ.

ಗಾಡಿ 1984ರ ಅಂಬಾಸಿಡರ್. ನಮ್ಮ ಮಾವನವರು ಒಬ್ಬ ಡಾಕ್ಟರ ಕಡಿಂದ ಹಳೇದ ತಗೊಂಡಿದ್ದರು. ಮಸೂತಿಯಿಂದ ಬಿಜಾಪುರಕ್ಕ ಎಷ್ಟು ಬಾಣಂತೇರು, ಎಷ್ಟು ಮದುಮಕ್ಕಳು ಅದರಾಗ ಹೋಗ್ಯಾರಂತ ಲೆಕ್ಕ ಇಟ್ಟವರಿಲ್ಲ. ನನ್ನ ಎರಡೂ ಬಾಣಂತನಕ್ಕ ಅದೇ ಗಾಡಿ. ಬಂಗಾಲದ ಉತ್ತರಪಾರಾದಾಗ ಹಿಂದೂಸ್ತಾನ್ ಮೋಟರ್ಸ್‌ನವರು ಇದನ್ನ ಮಾಡತಿದ್ದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಗಾಡಿದು ನಮೂನಿ. 2014ರ ಮೇ ತಿಂಗಳಿಗೆ ಮಾಡೂದು ನಿಲ್ಲಿಸಿಬಿಟ್ಟರು. ಹಿಂಗಾಗಿ ಇದರ ಅಳತಿಗೆ ತಯಾರ ಸೀಟ್ ಕವರ್ ಅಂತ ಈಗ ನಮ್ಮ ಕಡೆ ಅಂಗಡಿಯಾಗ ಸಿಗೂದಿಲ್ಲ.

ಮಾವನವರು ಹ್ವಾದ ಮ್ಯಾಲೆ ಗಾಡಿ ತಗಡಿನ ಶೆಡ್ಡಿನ್ಯಾಗ ನಿಂತಿತ್ತು. 2022ರ ಏಪ್ರಿಲ್‌ದಿಂದ 15 ವರ್ಷ ದಾಟಿದ ಮನಿ ಕಾರಿನ ಆರ್‌ಸಿ ರಿನ್ಯೂ ಮಾಡಾಕ 600 ರೂಪಾಯಿ ಇದ್ದ ಫೀ 5000 ಆತಲ್ಲ, ಭಾವನವರು ಅದನ್ನ ಹಿಡಕೊಂಡ್ರು. "ಇದಕ್ಕ ಯಾರು ರೊಕ್ಕ ಸುರೀತಾರ, ಗುಜರಿಗೆ ಹಾಕಿ ಮೂವರು ಹಂಚಿಕೊಳ್ಳೂಣು" ಅಂದ್ರು. ಗುಜರಿಯವ ಬಂದು ನೋಡಿಕೊಂಡೂ ಹ್ವಾದ. ನಮ್ಮ ಯಜಮಾನ್ರು ಅಣ್ಣನ ಮುಂದ ಮಾತಾಡೂ ಮಂದಿ ಅಲ್ಲ.

ಅಷ್ಟರಾಗ ನಮ್ಮ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ದು ಸೊಂಟದ ಕೀಲಿನ ಎಲುಬು ಮುರಕೊಂಡ್ರು. ಬಿಜಾಪುರದಾಗ ಆಪರೇಶನ್ ಆತು. ಡಾಕ್ಟರು ಒತ್ತಿ ಹೇಳಿದ್ದು ಒಂದೇ ಮಾತು: ತೆಳಗಿನ ಆಸನದಾಗ ಕುಂದ್ರಸಬ್ಯಾಡ್ರಿ, ಕುಂತಾಗ ಮೊಣಕಾಲು ಸೊಂಟಕ್ಕಿಂತ ಮ್ಯಾಲೆ ಬರಬಾರದು. ಅತ್ತಿಯವರಿಗೆ ಎಂಬತ್ತರ ಸಮೀಪ. ಮೈದುನನ ಹೊಸಾ ಕಾರಿನ ಸೀಟು ತೆಳಗ, ಅದೂ ಹಿಂದಕ್ಕ ವಾಲಿದ್ದು. ಅದರಾಗ ಕುಂದ್ರಿಸಿದ್ರ ಹೊಂಡದಾಗ ಇಳಿದಂಗ ಆಗತಿತ್ತು. ಬಾಡಿಗಿ ಜೀಪ್ ಏರಾಕ ಆಗೂದಿಲ್ಲ. ಎರಡು ಸಲ ತೋರಿಸಾಕ ಹೋಗಿ ಬರೂದ್ರಾಗ ಅತ್ತು ಸಾಕಾಗಿ, "ಇನ್ನ ನಾ ಬರೂದಿಲ್ಲ, ಹಿಂಗೇ ಬಿದ್ದಿರತೀನಿ" ಅಂತ ಹಟ ಹಿಡದ್ರು. ಹಾಸಿಗಿ ಹಿಡಿದ ವಯಸ್ಸಾದವರು ಮತ್ತ ಏಳೂದು ಎಷ್ಟು ಕಷ್ಟ ಅಂತ ನಿಮಗ ಗೊತ್ತೈತಿ. ಆವಾಗ ಅವರೇ ಅಂದಿದ್ದು, "ನಮ್ಮ ಗಾಡಿ ಕುರ್ಚಿಹಂಗ ಇತ್ತಲ್ಲವಾ" ಅಂತ.

ಹೋಗಿ ನೋಡಿದ್ರ ಹಿಂದಿನ ಸೀಟಿನ ನಡುವ ಮೂರು ಬಟ್ಟು ಕುಸಿದಿತ್ತು. ಎರಡು ಕಡೆ ಸ್ಪ್ರಿಂಗ್ ರೆಕ್ಸಿನ್ ಹರಕೊಂಡು ಹೊರಗ ಬಂದಿತ್ತು. ಬಿಜಾಪುರದ ಒಂದು ಅಂಗಡಿಯಾಗ ಕೇಳಿದ್ವಿ. ಸ್ಪ್ರಿಂಗ್ ಎಲ್ಲಾ ತಗದು ಒಗೀತೀವಿ, ದಪ್ಪನ ಫೋಮ್ ಹಾಕಿ ಕೊಡತೀವಿ, 22,000 ಅಂದ್ರು. ರೊಕ್ಕದ ಮಾತು ಒತ್ತಟ್ಟಿಗಿರಲಿ, ಮೆತ್ತನ ಫೋಮಿನ್ಯಾಗ ಅತ್ತಿಯವರು ಮತ್ತ ಮುಳುಗೂದೇ ಅಲ್ಲೇನು? ನನಗ ಬೇಕಾಗಿದ್ದು ಚೆಂದ ಅಲ್ಲ, ಎತ್ತರ ಮತ್ತು ಬಿಗಿ. ಅದು ಆ ಹಳೇ ಸ್ಪ್ರಿಂಗಿನ್ಯಾಗೇ ಇತ್ತು.

ಹಿಂದಿನ ಸೀಟು ತಗಿಯೂದು ಹಗೂರ, ಇಬ್ಬರು ಮುಂದಿನ ಅಂಚು ಹಿಡಿದು ಎತ್ತಿದ್ರ ಬರತೈತಿ. ಮುಂದಿಂದು ಒಂದೇ ಉದ್ದನ ಸೀಟು, ಅದರ ಬೋಲ್ಟು ತುಕ್ಕು ಹಿಡಿದಿದ್ವು. ಹಿಂದಿನ ದಿನ ರಾತ್ರಿ ಎಣ್ಣಿ ಬಿಟ್ಟು ಮುಂಜಾನೆ ಪಾನಾ ಹಾಕಿದ್ರ ಬಂದ್ವು. ಬಿಚ್ಚೂ ಮುಂದ ಹೆಜ್ಜಿ ಹೆಜ್ಜಿಗೆ ಮೊಬೈಲಿನ್ಯಾಗ ಫೋಟೋ ತಗೀರಿ. ರೆಕ್ಸಿನ್ ಹರೀದಂಗ ಹೊಲಿಗಿ ಬಿಚ್ಚಿ, ಪ್ರತಿ ತುಂಡಿನ ಹಿಂದ ಸುಣ್ಣದ ಕಡ್ಡಿಲೆ "ಎಡ", "ಬಲ", "ಮುಂದ" ಅಂತ ಬರೀರಿ. ಬಿಸಲಿಗೆ ಹಾಸಿದ್ರ ಸುರುಳಿ ಬಿಟ್ಟು ಸಪಾಟ ಆಗತಾವ. ಅವೇ ನಿಮ್ಮ ಅಳತಿ. ಜಂಪರ್ ಕತ್ತರಿಸೂ ಹಂಗೇ ಪೇಪರ್ ಮ್ಯಾಲೆ ಇಟ್ಟು ಗೆರಿ ಹೊಡದು, ಹೊಲಿಗಿಗೆ ಅರ್ಧ ಇಂಚು ಬಿಡೂದು.

ಸೀಟಿನ ಹೊಟ್ಟಿಯಾಗ ಏನೇನಿತ್ತು ಅಂತ ಕೇಳಬ್ಯಾಡ್ರಿ. ಶೇಂಗಾ ಸಿಪ್ಪಿ, ಇಪ್ಪತ್ತು ಪೈಸೆ, ಯಾವದೋ ಕೂಸಿನ ಕಾಲಗೆಜ್ಜಿಯ ಗುಂಡು, ಇಲಿ ಕಟ್ಟಿದ ಗೂಡು. ಬಂಗಾರ ಮಾತ್ರ ಸಿಗಲಿಲ್ಲ, ನೆಗೆಣ್ಣಿ ಭಾಳ ಹುಡಿಕಿದ್ಲು.

ಮುಖ್ಯ ಕೆಲಸ ಸ್ಪ್ರಿಂಗಿಂದು. ತಂತಿ ಬ್ರಷ್‌ಲೆ ತಿಕ್ಕಿ, ಪಾಲಿಶ್ ಪೇಪರ್ ಹಚ್ಚಿ, ರೆಡ್ ಆಕ್ಸೈಡ್ ಬಣ್ಣ ಬಳಿದು ಎರಡು ದಿನ ಒಣಗಿಸಿದ್ವಿ. ಮುರಿದಿದ್ದು ಮೂರೇ ಮೂರು, ಅವಕ್ಕ ಒಂದು ಹಳೇ ಸೋಫಾದ ಸ್ಪ್ರಿಂಗ್ ಕೂಡಿಸಿದ್ವಿ. ಉಳಿದವು ಮುರಿದಿರಲಿಲ್ಲ, ಕಟ್ಟಿದ ದಾರ ಕೊಳತು ಒಂದೊಂದು ಒಂದೊಂದು ಕಡೆ ವಾಲಿ ನಿಂತಿದ್ವು. ಸೀಟು ಕುಸಿಯೂದು ಹೆಚ್ಚಾಗಿ ಇದರಿಂದನೇ. ಗಟ್ಟಿ ಸುತಳಿ ತಗೊಂಡು ಉದ್ದಕ, ಅಡ್ಡಕ, ಮೂಲಿಂದ ಮೂಲಿಗೆ, ಹೊರಸು ಹೆಣದಂಗ ಪ್ರತಿ ಸ್ಪ್ರಿಂಗಿಗೆ ಗಂಟು ಹಾಕತಾ ಬರಬೇಕು. ಗಂಟು ಹಾಕೂ ಮುಂದ ಸ್ಪ್ರಿಂಗ್ ಒಂದೀಟು ಅದುಮಿ ಹಿಡೀಬೇಕು. ಹಿಂಗ ಕಟ್ಟಿದ್ರ ಒಂದರ ಮ್ಯಾಲೆ ಭಾರ ಬಿದ್ರ ಬಾಜೂದವು ಕೈ ಕೊಡತಾವ. ನಮ್ಮ ಯಜಮಾನ್ರು ಅದುಮಿ ಹಿಡಿಯೂದು, ನಾ ಗಂಟು ಹಾಕೂದು. ಮೂರು ಸಂಜಿ ಹಿಡೀತು. ಮೂವತ್ತು ವರ್ಷದಾಗ ನಾವಿಬ್ಬರೂ ಅಷ್ಟೊತ್ತು ಎದುರಾಬದರಾ ಕುಂತಿದ್ದೇ ಇಲ್ಲ ಬಿಡ್ರಿ.

ಸ್ಪ್ರಿಂಗ್ ಮ್ಯಾಲೆ ದಪ್ಪ ತಟ್ಟಿನ ಚೀಲ ಬಿಚ್ಚಿ ಬಿಗಿಯಾಗಿ ಹೊಲಿಬೇಕು, ಇಲ್ಲಂದ್ರ ಮ್ಯಾಲಿಂದೆಲ್ಲಾ ಒಳಗ ಉದುರತೈತಿ. ಅದರ ಮ್ಯಾಲೆ ತೆಂಗಿನ ನಾರಿನ ಹಾಸು. ಅದರ ಮ್ಯಾಲೆ ಅರಳಿ. ಅರಳಿ ನಮ್ಮ ಹಳೇ ಗಾದಿದೇ, ಗಾದಿ ಹೊಲಿಯೋ ಕಾಕಾನ ಕಡೆ ಹಿಂಜಿಸಿಕೊಂಡು ಬಂದ್ವಿ. ಫೋಮ್ ಅಂತ ಹಾಕಿದ್ದು ಕಡೀಕ ಅರ್ಧ ಇಂಚು, ರೆಕ್ಸಿನ್ ನುಣ್ಣಗ ಕುಂದ್ರಲಿ ಅಂತ ಅಷ್ಟೆ. ಓಣ್ಯಾಗ ಕೌದಿ ಹೊಲಿಯೋ ದೊಡ್ಡವ್ವ ಬಂದು ನೋಡಿ, "ಪದರ ಸರೀತಾವ, ಮೊದಲ ಕಚ್ಚಾ ಹೊಲಿಗಿ ಹಾಕು" ಅಂತ ತಾನೇ ದಬ್ಬಣ ಹಿಡಿದು ಕುಂತಳು. ಅಕಿ ಕೈಯಾಗ ನಾರು, ಅರಳಿ, ತಟ್ಟು ಮೂರೂ ಕೂಡಿ ಕೌದಿಯಂಗ ಒಂದಾದ್ವು. ಅಂಗಡಿಯವರಿಗೆ ಈ ಹೊಲಿಗಿ ಬರತೈತೋ ಇಲ್ಲೋ, ನನಗಂತೂ ಅನುಮಾನ.

ರೆಕ್ಸಿನ್ ಹೊಲಿಯಾಕ ನನ್ನ ಕಾಲಮೆಷಿನ್ನೇ ಸಾಕಾತು. ಸೂಜಿ ಮಾತ್ರ 18 ನಂಬರಿಂದು, ದಾರ ನೈಲಾನ್. ಟಾಕಿ ಉದ್ದ ಇಡ್ರಿ. ಸಣ್ಣ ಸಣ್ಣ ಟಾಕಿ ಹಾಕಿದ್ರ ತೂತು ಒತ್ತೊತ್ತಾಗಿ ಬಿದ್ದು, ರೆಕ್ಸಿನ್ ಅಂಚೆ ಚೀಟಿಯಂಗ ಗೆರಿಗುಂಟ ಹರೀತೈತಿ. ಮೆಷಿನ್ನಿನ ಪಾದಕ್ಕ ರೆಕ್ಸಿನ್ ಅಂಟಿ ಮುಂದ ಸರಿಯೂದಿಲ್ಲ, ಅದಕ್ಕ ಒಂದೀಟು ಪೌಡರ್ ಹಚ್ಚಿದ್ರಾತು. ನಾಲ್ಕು ಪದರ ಕೂಡೂ ಮೂಲಿಯಾಗ ಮೆಷಿನ್ ಮ್ಯಾಲೆ ಜುಲುಮಿ ಮಾಡಬ್ಯಾಡ್ರಿ, ಮೇಣ ತಿಕ್ಕಿದ ದಾರಲೆ ಕೈಯಾಗ ಹೊಲೀರಿ. ಸೀಟಿಗೆ ತೊಡಿಸೂ ಮುಂದ ಹತ್ತು ನಿಮಿಷ ಬಿಸಲಿಗಿಡ್ರಿ. ನಮ್ಮ ಏಪ್ರಿಲ್ ಬಿಸಲು ಇದೊಂದಕ್ಕರ ಉಪಯೋಗ ಬಂತು. ಬೆಚ್ಚಗಾದ ರೆಕ್ಸಿನ್ ಎಳದಂಗ ಬರತೈತಿ. ಮೊದಲ ನಡುವ ಎಳೆದು ಕಟ್ಟಿ, ಆಮ್ಯಾಲೆ ಎರಡೂ ಮಗ್ಗಲಿಗೆ ಹೋಗ್ರಿ, ಸುಕ್ಕು ಉಳಿಯೂದಿಲ್ಲ. ತಂತಿಯ ಉಂಗುರ ಹಾಕಿ ಪಕ್ಕಡಲೆ ಒತ್ತೂ ಕೆಲಸ ಗಂಡಸರಿಗೆ ಬಿಟ್ವಿ.

ಬಾಗಿಲದ ಒಳಗಿನ ಹಲಗಿ ತೆಳಗ ಉಬ್ಬಿದ್ವು. ಕಿಡಕಿ ಗಾಜಿನಗುಂಟ ಮಳಿ ನೀರು ಬಾಗಿಲದ ಹೊಟ್ಟ್ಯಾಗ ಇಳಿತೈತಿ, ಅದಕ್ಕ ಹೊಸಾ ಹಾರ್ಡ್‌ಬೋರ್ಡಿನ ಹಿಂದ ದಪ್ಪನ ಪ್ಲಾಸ್ಟಿಕ್ ಹಾಳಿ ಅಂಟಿಸಿದ್ವಿ. ಮಾಳಗಿಯ ಅರಿವಿ ಮಾತ್ರ ನಾವು ಮುಟ್ಟಲಿಲ್ಲ. ತಲಿ ಮ್ಯಾಲೆ ಕೈ ಎತ್ತಿ ಮಾಡೂ ಕೆಲಸ, ಅಂಟಿನ ವಾಸನಿಗೆ ತಲಿ ತಿರಗತೈತಿ, ಅದನ್ನ ಕೆಲಸದವರಿಗೇ ಕೊಡ್ರಿ.

ಎಲ್ಲಾ ಕೂಡಿ 7,300 ರೂಪಾಯಿ ಆತು, ಅದರಾಗ ರೆಕ್ಸಿನ್ನಿಂದೇ ಅರ್ಧಕ್ಕಿಂತ ಹೆಚ್ಚು. ಎಸಿ ಇಲ್ಲದ ಗಾಡಿ, ರೆಕ್ಸಿನ್ ಬಿಸಲಿಗೆ ತವಾ ಆಗತೈತಿ, ಅದಕ್ಕ ಮ್ಯಾಲೆ ಸೊಲ್ಲಾಪುರ ಚಾದರ ಹಾಸೀವಿ. ಬೆವರೂ ಹೀರತೈತಿ, ಒಗಿಯಾಕೂ ಬರತೈತಿ.

ಮೇ ಕಡೀಕ ಅತ್ತಿಯವರನ್ನ ಮೊದಲ ಸಲ ಕುಂದ್ರಿಸಿದ್ವಿ. ಕುಂತು, ಎರಡೂ ಕೈಲೆ ಸೀಟು ಒತ್ತಿ ಒತ್ತಿ ನೋಡಿದ್ರು. ಮೊಣಕಾಲು ಸೊಂಟಕ್ಕಿಂತ ತೆಳಗೇ ಇದ್ವು, ನಾ ಅದನ್ನೇ ನೋಡಾಕತ್ತಿದ್ದೆ. ಬಿಜಾಪುರ ಮುಟ್ಟೂತನಕ ನರಳಲಿಲ್ಲ, ದಾರಿಯಾಗ ಹೊಲದ ಸುದ್ದಿ, ಕೂಡಗಿ ಕರೆಂಟಿನ ಕಾರ್ಖಾನಿಯ ಹೊಗಿ ಸುದ್ದಿ ಮಾತಾಡಕೋತ ಬಂದ್ರು. ಡಾಕ್ಟರು ವಾಕರ್ ಬಿಟ್ಟು ಕೋಲು ಹಿಡಿಯಾಕ ಹೇಳ್ಯಾರ. ಈಗ ತಿಂಗಳಿಗೊಮ್ಮೆ ತೋರಿಸಾಕ ಹೋಗೂದಕ್ಕ ತಾವೇ ತಾರೀಕು ನೆನಪ ಮಾಡತಾರ, ಮುಂದಿನ ಸೀಟಿನ್ಯಾಗ ಕುಂದ್ರತೀನಂತ ತಕರಾರೂ ತಗದಾರ.

ಭಾವನವರು ಆರ್‌ಸಿ ಫೀ ಬಗ್ಗೆ ಇನ್ನೂ ಏನೂ ಅಂದಿಲ್ಲ. ಗುಜರಿಯವನ ನಂಬರು ಮಾತ್ರ ಗ್ವಾಡಿ ಕ್ಯಾಲೆಂಡರ್ ಮ್ಯಾಲೆ ಹಂಗೇ ಐತಿ.