ಮೂರನೇ ಹಂತದ ಶುದ್ಧೀಕರಣ

ಬೆಂಗಳೂರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಪೈಪಿನಲ್ಲಿ ಕಳಿಸುವುದು ಹೆಬ್ಬಾಳ–ನಾಗವಾರದ ನೀರು, ಗಾಳಿಯಲ್ಲಿ ಕಳಿಸುವುದು ರಾಕ್ ಸಂಗೀತ. ಎರಡೂ ಅಲ್ಲಿನವರು ಬಳಸಿ ಬಿಟ್ಟ ಮೇಲೆಯೇ ನಮಗೆ ಬರುತ್ತವೆ. ನೀರು ಎರಡು ಹಂತ ಶುದ್ಧಿಯಾಗಿ ಕಂದವಾರ ಕೆರೆಗೆ ಬಂದು ಬೀಳುತ್ತದೆ. ಮೂರನೇ ಹಂತವೂ ಆಗಲೇಬೇಕೆಂದು ನೀರಾವರಿ ಹೋರಾಟಗಾರರು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದ್ದಾರೆ. ಹಾಡಿನ ವಿಷಯದಲ್ಲಿ ನಾನು ಸರ್ಕಾರವನ್ನು ಕಾಯುವುದಿಲ್ಲ. ಬಂದ ಹೊಸತರಲ್ಲಿ ಎಲ್ಲರೂ ಕುಣಿದಾಡಿದ ಹಾಡನ್ನು ಕೆಲವು ವರ್ಷ ಪಕ್ಕಕ್ಕಿಟ್ಟು, ಅದರ ಸುದ್ದಿಯನ್ನೇ ಯಾರೂ ಎತ್ತದ ಕಾಲದಲ್ಲಿ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕೂತು ಮತ್ತೆ ಕೇಳುತ್ತೇನೆ. ಆ ಪರೀಕ್ಷೆಯಲ್ಲಿ ಪಾಸಾದದ್ದು ಫೋನಿನಲ್ಲಿ ಉಳಿಯುತ್ತದೆ.

ಬಸ್ಸೇ ಯಾಕೆಂದರೆ ನಮಗೆ ಬೇರೆ ಸಭಾಂಗಣವಿಲ್ಲ. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ನಮ್ಮ ಕಡೆಯ ಹುಡುಗರೂ ಹೋದರು; ಕೊನೆಯ ಬಸ್ಸು ತಪ್ಪಿ ಮೆಜೆಸ್ಟಿಕ್ಕಿನಲ್ಲಿ ಬೆಳಗು ಮಾಡಿ ಬಂದರು. ಇಂದಿರಾನಗರದ ಹಮ್ಮಿಂಗ್ ಟ್ರೀಗೆ ಒಮ್ಮೆ ಹೋಗಬೇಕು ಎಂದುಕೊಳ್ಳುತ್ತಿರುವಾಗಲೇ ಅದು ಮುಚ್ಚಿಹೋಯಿತು. ಇಲ್ಲಿ ಗಣೇಶನ ಪೆಂಡಾಲಿಗೆ ಆರ್ಕೆಸ್ಟ್ರಾ, ಕಾಲೇಜ್ ಡೇಗೆ ಡಿಜೆ, ಮದುವೆಗೆ ಬ್ಯಾಂಡ್‌ಸೆಟ್. ರಾಕ್ ಕೇಳುವವನು ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಸೀಟು ಹಿಡಿಯಬೇಕು. ತಲೆಯ ಮೇಲಿನ ಸ್ಪೀಕರಿನಲ್ಲಿ ತೆಲುಗು ಸಿನಿಮಾ ಹಾಡು, ಬಾಗಿಲಲ್ಲಿ ಕಂಡಕ್ಟರನ ವಿಷಲ್ಲು, ಪಕ್ಕದಲ್ಲಿ ಫೋನಿನಲ್ಲಿ ಟೊಮೇಟೊ ಬಾಕ್ಸಿನ ರೇಟು ಕೂಗುವ ಯಜಮಾನರು. ಇಷ್ಟರ ನಡುವೆ ನಿಲ್ಲದ ಹಾಡು ಮನೆಯಲ್ಲಿ ನಿಂತರೇನು ಬಿಟ್ಟರೇನು.

ಟೇಮ್ ಇಂಪಾಲದ ‘ಕರೆಂಟ್ಸ್’ ಇಲ್ಲಿಯೇ ಫೇಲಾಯಿತು. 2015ರಲ್ಲಿ ಬಂದಾಗ ಆಹಾ ಅಂದಿದ್ದೆ. ಅದರ ನಯ ನಾಜೂಕೆಲ್ಲ ಬಸ್ಸಿನ ಸದ್ದಿನಲ್ಲಿ ಕೊಚ್ಚಿಹೋಗಿ ಬರೀ ಬೇಸ್ ಉಳಿಯುತ್ತದೆ. ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ಕೇಳಿದರೆ ಸಿಹಿ ಹೆಚ್ಚಾಯಿತು ಅನಿಸುತ್ತದೆ. ಆರ್ಕ್ಟಿಕ್ ಮಂಕೀಸ್‌ನ ‘ಎಎಂ’ ಅದಕ್ಕಿಂತ ಎರಡು ವರ್ಷ ಹಳೆಯದು, ಆದರೆ ಅದರ ಮೊದಲ ಹಾಡಿನ ಗಿಟಾರು ಸೆಕೆಂಡ್ ಗೇರಿನಲ್ಲಿ ದಿಬ್ಬ ಹತ್ತುವ ಬಸ್ಸಿನ ಎಂಜಿನ್ನಿಗೆ ಹೊಂದಿಕೊಂಡು ಈಗಲೂ ಜೊತೆಗೆ ಬರುತ್ತದೆ.

ನಮ್ಮವರ ಹಾಡುಗಳಿಗೆ ಪರೀಕ್ಷೆ ಇನ್ನೂ ಬಿಗಿ, ಯಾಕೆಂದರೆ ಮಾತು ಅರ್ಥವಾಗುತ್ತದೆ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂ ಹೊರತಂದದ್ದು 2008ರಲ್ಲಿ. ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿದ್ದವು. ಅಶ್ವತ್ಥ್ ದನಿಯಲ್ಲಿ ಶರೀಫರನ್ನು ಕೇಳಿ ಬೆಳೆದ ನನ್ನ ಓರಗೆಯವರು ಮೂಗು ಮುರಿದರು. ಲುಂಗಿ, ಗೆಜ್ಜೆ, ಗಿಟಾರು, ಇದೇನು ವೇಷ ಅಂದರು. ಆಮೇಲೆ ಒಂದು ಮಳೆಗಾಲ ಚಿಂತಾಮಣಿಯ ಬಾಡಿಗೆ ಮನೆಯ ಆರ್‌ಸಿಸಿ ಸೋರತೊಡಗಿತು. ಮಂಚ ಎಳೆದು, ತೊಟ್ಟಿಕ್ಕುವಲ್ಲಿಗೆ ಬಕೆಟ್ ಇಟ್ಟು, ಓನರಿಗೆ ಫೋನ್ ಮಾಡಿ, ಅವರು ಎತ್ತದೆ, ಸುಮ್ಮನೆ ಕೂತಾಗ ಶರೀಫರ ಸೋರುವ ಮಾಳಿಗೆಯ ಪದವನ್ನು ರಘು ದನಿಯಲ್ಲಿ ಹಾಕಿಕೊಂಡೆ. 1889ರಲ್ಲಿ ತೀರಿಕೊಂಡ ಶರೀಫಜ್ಜ ಆ ರಾತ್ರಿಯ ಮನೆಯನ್ನು ನೋಡಿಕೊಂಡೇ ಬರೆದ ಹಾಗಿತ್ತು. ಬೈರಿಗೆ ಕೊರೆದಂತೆ ಕೊರೆಯುವ ಆ ಗಂಟಲು ಪದಕ್ಕೆ ಬೇಕಿತ್ತು. ಅದೇ ಆಲ್ಬಮ್ಮಿನ ಇಂಗ್ಲಿಷ್ ಪ್ರೇಮಗೀತೆಗೆ ವಯಸ್ಸಾಗಿದೆ. ನನಗೂ ಆಗಿದೆ, ಆ ಮಾತು ಬೇರೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರದು. ವಾಸು ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿಕೊಂಡು ಸ್ಟೇಜಿಗೆ ಬರುತ್ತಿದ್ದರು. ಬೆಂಗಳೂರಿನ ಪತ್ರಿಕೆಗಳಿಗೆ ಅದು ಹೊಸ ಐಡಿಯಾ, ನಮ್ಮ ಜಾತ್ರೆಗಳಲ್ಲಿ ಕೀಲುಕುದುರೆ ಕುಣಿದದ್ದನ್ನು ನೋಡಿದವರಿಗೆ ನೆಂಟರು ಮನೆಗೆ ಬಂದಂತೆ. ಆ ಆಲ್ಬಮ್ಮಿನಲ್ಲಿ ಕನ್ನಡದ ‘ಈ ಭೂಮಿ’ ಇದೆ, ಕಾವೇರಿಯೇ ತನ್ನ ಬಾಯಾರಿಕೆ ಹೇಳಿಕೊಳ್ಳುವ ‘ಪ್ಯಾಸಿ’ ಎಂಬ ಹಿಂದಿ ಹಾಡಿದೆ. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಪಿನಾಕಿನಿ, ಪಾಲಾರ್, ಅರ್ಕಾವತಿಗಳ ಪೈಕಿ ಒಂದರಲ್ಲೂ ವರ್ಷವಿಡೀ ನೀರು ಕಾಣದ ಜಿಲ್ಲೆಯವನಿಗೆ ಕಾವೇರಿಯ ದೂರು ಸ್ವಲ್ಪ ಶ್ರೀಮಂತರ ಮನೆಯ ಜಗಳದಂತೆ ಕೇಳಿಸಿತು. ಆದರೂ ಹಾಡನ್ನು ಅಳಿಸಿಲ್ಲ.

ಸಿನಿಮಾ ದಾರಿಯಲ್ಲಿ ಬಂದದ್ದೂ ಇದೆ. ನೋಡುವವರೇ ದುಡ್ಡು ಹಾಕಿ ಮಾಡಿಸಿದ ‘ಲೂಸಿಯಾ’ದಲ್ಲಿ (2013) ಪೂರ್ಣಚಂದ್ರ ತೇಜಸ್ವಿ ಕೂರಿಸಿದ ಹಾಡುಗಳು ಇಂದಿಗೂ ಗಟ್ಟಿ. 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ತಮ್ಮ ‘ನವರಸಂ’ ಅನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತಲ್ಲ, ಆಗ ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲೂ ರಾಕ್ ಬ್ಯಾಂಡ್ ಒಂದರ ಹೆಸರು ಕೇಳಿಬಂತು. ತಕರಾರು ಕೋರ್ಟಿನವರು ನೋಡಿಕೊಳ್ಳುತ್ತಾರೆ. ನನಗೆ ಆದ ಲಾಭವೆಂದರೆ ಎರಡನ್ನೂ ಒಂದರ ಹಿಂದೊಂದು ಗಮನವಿಟ್ಟು ಕೇಳಿದೆ.

ಶಿಡ್ಲಘಟ್ಟದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ರೇಷ್ಮೆ ಬಿಚ್ಚಾಣಿಕೆ ಘಟಕವಿದೆ. ಮನೆಯಲ್ಲಿ ದಖನಿ, ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ ತೆಲುಗು ಎರಡೂ, ಹಾಡಿಗೆ ಉರ್ದು. ಅವನಿಗೆ ಬೆಂಗಳೂರಿನ ಪರ್ವಾಜ್ ತಂಡವನ್ನು ಪರಿಚಯಿಸಿದವನು ನಾನೇ. ಉರ್ದು, ಕಾಶ್ಮೀರಿಯಲ್ಲಿ ಹಾಡುವ ಅವರ ‘ಬಾರಾನ್’ 2014ರಲ್ಲಿ, ‘ಕುನ್’ 2019ರಲ್ಲಿ ಬಂತು. ಮೊನ್ನೆ ಆ ಕಡೆ ಹೋದವನು ಹಾಗೇ ಒಳಗೆ ಇಣುಕಿದೆ. ಬೆಂದ ಗೂಡಿನ ವಾಸನೆ ಮೂಗಿಗೆ ಅಡರಿತು. ಬೇಸಿನ್ನುಗಳ ಬಿಸಿನೀರಿನಲ್ಲಿ ಗೂಡುಗಳು ತೇಲಾಡುತ್ತಿದ್ದವು. ಹೆಂಗಸರು ಒದ್ದೆ ಬೆರಳಲ್ಲಿ ಎಳೆಯ ತುದಿ ಹಿಡಿದು, ನಾಲ್ಕಾರು ಎಳೆ ಸೇರಿಸಿ, ಮೇಲೆ ತಿರುಗುವ ರಾಟೆಗೆ ಕೊಡುತ್ತಿದ್ದರು. ಎಳೆ ಕಡಿದರೆ ಇನ್ನೊಂದು ಗೂಡಿನ ತುದಿಯನ್ನು ಅಲ್ಲಿಗೆ ಎಸೆದು ಹತ್ತಿಸುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕೆಲಸ. ಮೂಲೆಯ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೇತುಹಾಕಿದ ಬ್ಲೂಟೂತ್ ಸ್ಪೀಕರಿನಲ್ಲಿ ಪರ್ವಾಜ್ ನಡೆದಿತ್ತು.

“ಇನ್ನೂ ಕೇಳ್ತಿದ್ದೀಯೇನಪ್ಪ ಇದನ್ನ?” ಅಂದೆ.

“ಹೂಂ ಸಾರ್. ಉದ್ದ ಇದಾವೆ ನೋಡಿ ಹಾಡು, ಅದಕ್ಕೆ. ಚಿಕ್ಕ ಹಾಡಾದ್ರೆ ಮಾತ್‌ಮಾತಿಗೂ ಕೈ ಒರೆಸ್ಕೊಂಡು ಬಂದು ಫೋನ್ ಮುಟ್ಬೇಕು.”

ಸಂಗೀತ ವಿಮರ್ಶಕರು ಇಂಥ ಹಾಡುಗಳ ಉದ್ದಕ್ಕೆ ಏನೇನೋ ದೊಡ್ಡ ಕಾರಣ ಕೊಡುತ್ತಾರೆ. ನನಗೆ ಈ ಒದ್ದೆ ಕೈಯ ಕಾರಣವೇ ಹೆಚ್ಚು ಮೆಚ್ಚುಗೆಯಾಯಿತು. ಒಂದು ಒಳ್ಳೆಯ ಗೂಡಿನಲ್ಲಿ ಮುಕ್ಕಾಲು ಕಿಲೋಮೀಟರಿಗೂ ಮೀರಿದ ಎಳೆ ಇರುತ್ತದೆ. ಅದನ್ನು ಬಿಚ್ಚುವವರಿಗೆ ಮೂರು ನಿಮಿಷದ ಹಾಡು ಯಾವ ಮೂಲೆಗೆ ಸಾಕು! ಒಂದು ಕಡೆ ಮೋಟಾರಿನ ಗುಂಯ್‌ ಶಬ್ದದ ಜೊತೆ ಡ್ರಮ್ಮು ಸೇರಿಕೊಂಡಿತು, ಯಾವುದು ಯಾವುದೆಂದು ತಿಳಿಯಲಿಲ್ಲ. ‘ಬಾರಾನ್’ ನನ್ನ ಪಟ್ಟಿಯಲ್ಲಿ ಮೇಲಕ್ಕೇರಿದ್ದು ಅಲ್ಲಿ ನಿಂತು ಕೇಳಿದ ಮೇಲೆ.

ಇನ್ನು ಗೌರಿಬಿದನೂರು. ಅಲ್ಲಿನ ಸಂತೆಯಲ್ಲಿ ಒಬ್ಬ ಹುಡುಗ ಕಪ್ಪು ಟೀಶರ್ಟ್ ಹಾಕಿ ನಿಂತಿದ್ದ. ಎದೆಯ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು, ನಡುವಿನಲ್ಲಿ ಮಾತ್ರ ಎದ್ದು ಬಿದ್ದು ಅಂಕುಡೊಂಕು. ಏನಪ್ಪ ಇದು ಅಂತ ಕೇಳಿದೆ. “ಬೆಟ್ಟ ಅಲ್ವಾ ಅಂಕಲ್? ನಂದಿ ಬೆಟ್ಟ ಇರ್ಬೇಕು” ಅಂದ. ಅದು ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಮ್ಮಿನ ಮುಖಪುಟ, 1979ರದು. ಬೆಟ್ಟದಂತೆ ಕಾಣುವ ಆ ಗೆರೆಗಳು ಒಂದು ಪಲ್ಸಾರ್ ನಕ್ಷತ್ರದಿಂದ ಬಂದ ರೇಡಿಯೋ ಮಿಡಿತಗಳು. ಆ ನಕ್ಷತ್ರವನ್ನು 1967ರಲ್ಲಿ ಮೊದಲು ಪತ್ತೆ ಮಾಡಿದವರು ಆಗಿನ್ನೂ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್. ನನಗೆ ನಗು ಬಂದದ್ದು ಹುಡುಗನ ಉತ್ತರಕ್ಕಲ್ಲ. ಆ ಹುಡುಗ ನಿಂತ ಊರಿನ ಹೊರಗೆ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ರೇಡಿಯೋ ವೀಕ್ಷಣಾಲಯವಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬಯಲಿನುದ್ದಕ್ಕೂ ನೆಟ್ಟ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟು ಇಂಥ ಪಲ್ಸಾರ್‌ಗಳನ್ನು ಕೇಳಿವೆ. ಅಲ್ಲಿಯೇ ಸೂರ್ಯನನ್ನು ಕೇಳುವ ಇನ್ನೊಂದು ಸಾಲೂ ಇದೆ. ಭೂಮಿಯೊಳಗಿನ ಕಂಪನ ಹಿಡಿಯುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಉಪಕರಣಗಳೂ ಗೌರಿಬಿದನೂರಿನಲ್ಲೇ ಇವೆ. ಸ್ಟೇಜಿಲ್ಲದ ಜಿಲ್ಲೆ ಎಂದು ಕೊರಗುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೇಳುವುದರಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ.

ಹುಡುಗನಿಗೆ ಇಷ್ಟೆಲ್ಲ ವಿವರಿಸಲು ಹೊರಟೆ. ಅವನು ಹಿಂದೂಪುರದ ಬಸ್ಸು ಬಂತೆಂದು ಓಡಿದ.

ಜಾಯ್ ಡಿವಿಷನ್ನಿನ ಮೊಮ್ಮಕ್ಕಳು ಎನ್ನಬಹುದಾದ ಡಬ್ಲಿನ್ನಿನ ಫಾಂಟೇನ್ಸ್ ಡಿಸಿ ತಂಡವನ್ನು ನಾನು ಈಚೆಗೆ ಹೆಚ್ಚು ಕೇಳುತ್ತಿದ್ದೇನೆ. 2022ರ ‘ಸ್ಕಿಂಟಿ ಫಿಯಾ’ ಆಲ್ಬಮ್ಮಿನ ಮೊದಲ ಹಾಡಿಗೆ ಐರಿಷ್ ಭಾಷೆಯ ಹೆಸರಿದೆ. ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ತೀರಿಕೊಂಡ ಐರಿಷ್ ಮಹಿಳೆಯೊಬ್ಬರ ಸಮಾಧಿ ಕಲ್ಲಿನ ಮೇಲೆ ಮನೆಯವರು ಆ ಭಾಷೆಯಲ್ಲಿ ಒಂದು ಸಾಲು ಕೆತ್ತಿಸಬೇಕೆಂದರೆ, ಇಂಗ್ಲಿಷ್ ಅನುವಾದ ಜೊತೆಗಿರಲೇಬೇಕೆಂದು 2020ರಲ್ಲಿ ಚರ್ಚಿನ ನ್ಯಾಯಾಲಯ ಹೇಳಿತು. ಮರುವರ್ಷ ಮೇಲ್ಮನವಿಯಲ್ಲಿ ಮನೆಯವರು ಗೆದ್ದರು. ಹಾಡಿನಲ್ಲಿ ಆ ಸಾಲೇ ಭಜನೆಯಂತೆ ಮರಳಿ ಮರಳಿ ಬರುತ್ತದೆ. ಮನೆಯಲ್ಲಿ ಒಂದು ಭಾಷೆ, ಬೋರ್ಡಿನ ಮೇಲೆ ಇನ್ನೊಂದು, ಅರ್ಜಿಯಲ್ಲಿ ಮತ್ತೊಂದು ಎಂದು ಬದುಕುವ ನಮ್ಮ ಗಡಿಯವರಿಗೆ ಆ ಸಿಟ್ಟು ತಿಳಿಯದ್ದೇನಲ್ಲ.

ಭಾಷೆಯ ಮಾತು ಬಂದಾಗ ನಮ್ಮಜ್ಜಿಯನ್ನು ಬಿಡಲಾಗದು. ಚಿಂತಾಮಣಿ ಕಡೆಯ ಹಳ್ಳಿ, ಮನೆಮಾತು ತೆಲುಗು. ಬೆಂಗಳೂರಿನ ಅಗಂ ತಂಡದ ‘ಎ ಡ್ರೀಮ್ ಟು ರಿಮೆಂಬರ್’ (2017) ಆಲ್ಬಮ್ಮಿನಲ್ಲಿ ತ್ಯಾಗರಾಜರ ನಳಿನಕಾಂತಿ ಕೃತಿಯೊಂದು ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ಎಂಬ ಇಂಗ್ಲಿಷ್ ಹೆಸರಿನಲ್ಲಿದೆ. ಹಬ್ಬಕ್ಕೆ ಹೋದಾಗ ಜಗಲಿಯ ಮೇಲೆ ಅದನ್ನು ಹಾಕಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಮೊದಲು “ಏಂದ್ರಾ ಆ ಗೋಲ” ಅಂದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು. ರಾಗ ಗೀಗ ಅವಳಿಗೆ ಗೊತ್ತಿಲ್ಲ, ತೆಲುಗು ಗೊತ್ತು. “ಮನಸುಕು ಬುದ್ಧಿ ಚೆಪ್ತುಂಡಾಡು, ಬಾಗುಂದಿ. ಆ ಡಬ್ಬಾಲೆಂದುಕು?” ಮನಸ್ಸಿಗೆ ಬುದ್ಧಿ ಹೇಳುತ್ತಿದ್ದಾನೆ, ಸರಿ, ಆ ಡಬ್ಬ ಬಡಿಯುವುದು ಯಾಕೆ ಅಂತ. ಅಗಂ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಚುಟುಕಾಗಿ, ಇಷ್ಟು ನ್ಯಾಯವಾಗಿ ಯಾರೂ ಹೇಳಿದ್ದನ್ನು ಕಾಣೆ. ಗಾಯನ ಅದ್ಭುತ, ಕೆಲವು ಕಡೆ ಡ್ರಮ್ಮಿನವರು ಎಲ್ಲರೂ ತಮ್ಮನ್ನೇ ನೋಡಲಿ ಎಂದು ಹಟ ಹಿಡಿಯುತ್ತಾರೆ.

ಹಾಗೆಂದು ಅಜ್ಜಿಗೆ ಬಡಿತದ ಮೇಲೆ ದ್ವೇಷವಿಲ್ಲ. ಊರಹಬ್ಬದಲ್ಲಿ ತಮಟೆ ಕೇಳಿದರೆ ಅವಳ ಕಾಲು ತಾನೇ ತಾಳ ಹಾಕುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗಿ ಕಣಕಣ ಅನ್ನುವ ತನಕ ಕಾಯಿಸಿ, ಮತ್ತೆ ಬಾರಿಸುವ ತಮಟೆಗೆ ಯಾವ ಡ್ರಮ್‌ಸೆಟ್ಟೂ ಸಮ ಬಾರದು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ತಮಟೆಗೇ.

ಮೂರನೇ ಹಂತ ದಾಟಿ ಉಳಿದ ನನ್ನ ಪಟ್ಟಿ ಈಗ ಚಿಕ್ಕದಾಗಿದೆ. ಶಿಶುನಾಳದ ಪದಗಳಿವೆ, ತಿರುವೈಯಾರಿನ ತ್ಯಾಗರಾಜರ ಕೃತಿಯಿದೆ, ಡಬ್ಲಿನ್ನಿನ ಸಿಟ್ಟಿದೆ. ನಮ್ಮ ಕೈವಾರ ತಾತಯ್ಯನವರ ಒಂದು ಪದವೂ ಇಲ್ಲ. ತಾತಯ್ಯ ಅಂದರೆ ಬಳೆ ಮಾರಿಕೊಂಡು ಊರೂರು ತಿರುಗಿದ ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಚಿಂತಾಮಣಿ ತಾಲ್ಲೂಕಿನ ಆ ಕೈವಾರದ ಮಠದಲ್ಲಿ ಗುರುಪೂರ್ಣಿಮೆಗೆ ಹಗಲೂ ರಾತ್ರಿ ಸಂಗೀತೋತ್ಸವ ನಡೆಯುತ್ತದೆ. ಭಾನುವಾರ ಬೆಳಗಾಗುವ ಮೊದಲೇ ಗಿಟಾರ್ ಹೊತ್ತು ನಂದಿ ಬೆಟ್ಟ ಹತ್ತುವ ಬೆಂಗಳೂರಿನ ಹುಡುಗ ಹುಡುಗಿಯರೇ, ಮೋಡದ ಫೋಟೋ ತೆಗೆದಾದ ಮೇಲೆ ವಾಪಸ್ ಓಡಬೇಡಿ. ಕೈವಾರ ಅಲ್ಲಿಂದ ಗಂಟೆ, ಗಂಟೆಕಾಲು ದಾರಿ. ತಾತಯ್ಯನವರ ಪದಗಳಿಗೆ ಕಾಪಿರೈಟಿನ ತಂಟೆಯಿಲ್ಲ, ಹಾಡಿ ತೋರಿಸುವ ಭಜನೆಯವರು ಇನ್ನೂ ಇದ್ದಾರೆ, ಡ್ರಮ್ಮಿನ ಬದಲು ತಮಟೆ ಬೇಕೆಂದರೆ ಬಾರಿಸುವವರೂ ಸಿಗುತ್ತಾರೆ. ಒಂದು ಪದ ಎತ್ತಿಕೊಂಡು ಹಾಡಿ ಕಳಿಸಿ.