ಪದರ ಬಿಡಿಸುವ ವಿದ್ಯೆ

ಒಂದು ವಾರ ಕುಲುಮೆಯಲ್ಲಿ ಕಾದು ಹೊರಬಂದ ಕ್ವಾರ್ಟ್ಜ್ ಕೊಳವೆಯ ತಂಪು ತುದಿಯಲ್ಲಿ, ಕನ್ನಡಿಯಂತೆ ಹೊಳೆಯುವ ಕಪ್ಪು ರೇಕುಗಳು ಒಂದಕ್ಕೊಂದು ಒರಗಿ ನಿಂತಿರುವ ನೋಟವು, ಹರಳು ಬೆಳೆಸುವವರಿಗೆ ಎಷ್ಟು ಸಲ ಕಂಡರೂ ಹಳತಾಗದ ಸುಖವಾಗಿದೆ. ಒಂದು ಪಾಲು ಕ್ರೋಮಿಯಂಗೆ ಮೂರು ಪಾಲು ಅಯೋಡಿನ್ ಕೂಡಿದ ಕ್ರೋಮಿಯಂ ಟ್ರೈಅಯೋಡೈಡ್ ಎಂಬ ವಸ್ತುವಿನ ರೇಕುಗಳಿವು. ಇದರ ಒಂದೊಂದು ಪದರದ ದಪ್ಪ ಸುಮಾರು 0.7 ನ್ಯಾನೊಮೀಟರ್; 10 ಲಕ್ಷ ಪದರಗಳನ್ನು ಪೇರಿಸಿದರೂ ಒಂದು ಮಿಲಿಮೀಟರ್ ತುಂಬದು. ಆ ಪೇರಿಕೆಯಿಂದ ಒಂದೇ ಪದರವನ್ನು ಬಿಡಿಸಿ, ಒಂಟಿಯಾದ ಮೇಲೂ ಅದು ಅಯಸ್ಕಾಂತವಾಗಿ ಉಳಿಯುವುದೇ ಎಂದು ಪರೀಕ್ಷಿಸುವುದು ಈ ವಿದ್ಯೆಯ ತಿರುಳು. ಹೀಗಿದ್ದೂ, ಈ ಕ್ಷೇತ್ರದ ಪ್ರಬಂಧಗಳಲ್ಲಿ ಅಳತೆಗೆ ಹತ್ತು ಪುಟ, ಹರಳು ಬೆಳೆದ ಬಗೆಗೆ ಎರಡು ಸಾಲು ಎಂಬ ರೂಢಿ ಬೇರೂರಿರುವುದು ಆ ಸುಖಕ್ಕೆ ತಗುಲಿಕೊಂಡೇ ಬರುವ ಬೇಸರವಾಗಿದೆ.

ಪದರಗಟ್ಟಿದ ವಸ್ತುವೇನೂ ಪ್ರಯೋಗಾಲಯದ ಸೃಷ್ಟಿಯಲ್ಲ. ಹಾನಗಲ್ಲಿನ ತಾರಕೇಶ್ವರ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ, ಹಿರೇಕೆರೂರು ಸೀಮೆಯ ರಟ್ಟೀಹಳ್ಳಿಯ ಕದಂಬೇಶ್ವರ, ಇವೆಲ್ಲ ಕಲ್ಯಾಣ ಚಾಲುಕ್ಯ ಶೈಲಿಯ ಗುಡಿಗಳು. ಬಾದಾಮಿಯವರ ಮರಳುಗಲ್ಲನ್ನು ಬಿಟ್ಟು ಆ ಶೈಲಿಯ ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದದ್ದರಿಂದಲೇ, ತಿರುಗಣೆಗೆ ಹಿಡಿದಂತೆ ಕಡೆದ ಕಂಬಗಳೂ ತಾರಕೇಶ್ವರದ ಮಂಟಪದ ನೆತ್ತಿಯಲ್ಲಿ ಇಳಿಬಿದ್ದ ಕಮಲವೂ ಸಾಧ್ಯವಾದವು. ಈ ಕಲ್ಲಿನ ಮೆದುತನಕ್ಕೆ ಮುಖ್ಯ ಕಾರಣ ಅದರೊಳಗಿನ ಟ್ಯಾಲ್ಕ್ ಎಂಬ ಖನಿಜ. ಟ್ಯಾಲ್ಕಿನ ಪ್ರತಿ ಪದರದೊಳಗೆ ಪರಮಾಣುಗಳು ಬಿಗಿಯಾಗಿ ಬೆಸೆದುಕೊಂಡಿದ್ದರೂ, ಪದರಕ್ಕೂ ಪದರಕ್ಕೂ ನಡುವೆ ಇರುವುದು ವಾಂಡರ್‌ವಾಲ್ಸ್ ಬಲವೆಂಬ ತೀರ ದುರ್ಬಲವಾದ ಸೆಳೆತ. ಆದ್ದರಿಂದ ಮಗುವಿನ ಕೈಯ ಬಳಪ ಹಲಗೆಯ ಮೇಲೆ ಉಜ್ಜಿದೊಡನೆ ಪದರ ಕಳಚಿ ಗೆರೆಯಾಗುತ್ತದೆ. ಪೆನ್ಸಿಲಿನ ಗ್ರಾಫೈಟ್ ಬರೆಯುವುದೂ ಹೀಗೆಯೇ, ಕ್ರೋಮಿಯಂ ಟ್ರೈಅಯೋಡೈಡ್ ಬಿಡಿಸಿಕೊಳ್ಳುವುದೂ ಹೀಗೆಯೇ.

ಗ್ರಾಫೈಟಿನ ಒಂಟಿ ಪದರವಾದ ಗ್ರಾಫೀನನ್ನು ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಸಾಧಾರಣ ಅಂಟುಟೇಪಿನಿಂದ ಬಿಡಿಸಿ ತೋರಿಸಿದ ಮೇಲೂ, ಒಂಟಿ ಪದರದ ಅಯಸ್ಕಾಂತ ದೊರೆಯಲು ಹದಿಮೂರು ವರ್ಷ ಬೇಕಾಯಿತು. ಪರಮಾಣುವಿನ ಪುಟ್ಟ ಕಾಂತಸೂಜಿಯಾದ ಸ್ಪಿನ್ ಯಾವ ದಿಕ್ಕಿಗಾದರೂ ಸಮನಾಗಿ ತಿರುಗಬಲ್ಲದ್ದಾದರೆ, ಎರಡೇ ಆಯಾಮದ ಹಾಳೆಯಲ್ಲಿ ಅಲ್ಪ ಶಾಖವೂ ಅವುಗಳ ಸಾಲನ್ನು ಕೆಡಿಸುತ್ತದೆ ಎಂದು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿ ಸಾಧಿಸಿದ್ದರು. ಹಾಳೆಗೆ ನೆಟ್ಟಗೆ ನಿಲ್ಲುವ ಒಂದು ದಿಕ್ಕಿನ ಮೇಲೆ ಸ್ಪಿನ್‌ಗಳಿಗೆ ಒಲವಿದ್ದರೆ ಆ ತಡೆ ಸಡಿಲುತ್ತದೆ. ಭಾರವಾದ ಅಯೋಡಿನ್ ಪರಮಾಣುಗಳು ಕ್ರೋಮಿಯಂಗೆ ಆ ಒಲವನ್ನು ಕೊಡುತ್ತವೆ. 2017ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಇದರ ಒಂಟಿ ಪದರವು 45 ಕೆಲ್ವಿನ್‌ವರೆಗೆ, ಎಂದರೆ ಸುಮಾರು ಮೈನಸ್ 228 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಯಸ್ಕಾಂತವಾಗಿಯೇ ಉಳಿಯಿತು. ದಪ್ಪ ಹರಳಿನಲ್ಲಿ ಆ ಮಿತಿ 61 ಕೆಲ್ವಿನ್.

ಹರಳು ಬೆಳೆಸುವ ಕ್ರಮ ಮೇಲುನೋಟಕ್ಕೆ ಸರಳವಾಗಿದೆ. ಕ್ರೋಮಿಯಂ ಪುಡಿಯನ್ನೂ ಅಯೋಡಿನ್ನನ್ನೂ ಗಾಳಿ ತೆಗೆದ ಕ್ವಾರ್ಟ್ಜ್ ಕೊಳವೆಯಲ್ಲಿ ಮುಚ್ಚಿ, ಒಂದು ತುದಿಯನ್ನು 650 ಡಿಗ್ರಿಯ ಸುಮಾರಿನಲ್ಲಿಯೂ ಇನ್ನೊಂದನ್ನು ನೂರು ಡಿಗ್ರಿ ತಂಪಾಗಿಯೂ ಇಟ್ಟರೆ, ವಸ್ತುವು ಆವಿಯಾಗಿ ಸಾಗಿ ತಂಪು ತುದಿಯಲ್ಲಿ ಹರಳುಗಟ್ಟುತ್ತದೆ. ಆದರೆ ಕೈಚಳಕವಿರುವುದು ಕೊನೆಯ ಗಳಿಗೆಯಲ್ಲಿ. ಕೊಳವೆಯೊಳಗೆ ಹೆಚ್ಚಾಗಿ ಉಳಿದ ಅಯೋಡಿನ್ ಇನ್ನೂ ನೇರಳೆ ಹೊಗೆಯಾಗಿ ತುಂಬಿರುತ್ತದೆ. ಕುಲುಮೆಯನ್ನು ಆರಿಸಿ ಸುಮ್ಮನೆ ಬಿಟ್ಟರೆ ಅದು ಸಾವಕಾಶವಾಗಿ ಹರಳುಗಳ ಮೇಲೆಯೇ ಇಳಿದು ಕೂರುತ್ತದೆ. ಬಲ್ಲವರು ಕೊಳವೆಯ ಹರಳಿಲ್ಲದ ತುದಿಯನ್ನು ಮೊದಲು ಹೊರಗೆಳೆದು ತಣಿಸುತ್ತಾರೆ. ಇನ್ನೊಂದು ತುದಿ ಬಿಸಿಯಾಗಿರುವಾಗಲೇ ನೇರಳೆ ಹೊಗೆಯೆಲ್ಲ ತಣಿದ ಕಡೆಗೆ ಓಡಿ ಕಪ್ಪು ಸೂಜಿಗಳಾಗಿ ನಿಂತುಬಿಡುತ್ತದೆ, ಹರಳುಗಳ ಮುಖ ನಿರ್ಮಲವಾಗಿ ಉಳಿಯುತ್ತದೆ. ಕೆಲವೇ ನಿಮಿಷಗಳ ಈ ಕೆಲಸಕ್ಕೆ ಬೇಸರಪಟ್ಟು, ಅಯೋಡಿನ್ ಕೂತರೆ ಆಮೇಲೆ ತೊಳೆದರಾಯಿತು ಎನ್ನುವವರ ವಾದವನ್ನು ಒಪ್ಪಲಾಗದು. ತೇವದ ಗಾಳಿ ಸೋಕಿದರೇ ಕರಗತೊಡಗುವ ಹರಳನ್ನು ತೊಳೆಯುವುದೆಂದರೆ, ವಾರದ ಬೆಳೆಯನ್ನು ಕಣದಲ್ಲಿ ನೆನೆಯಲು ಬಿಟ್ಟಂತೆ.

ಬಿಡಿಸುವ ಕೆಲಸ ಬೆರಳಿನದು. ಸವಣೂರಿನ ವೀಳ್ಯದೆಲೆಯ ಕವಳಿಗೆಯಿಂದ ಎಳೆ ಎಲೆಯೊಂದನ್ನು ಹರಿಯದಂತೆ ಬಿಡಿಸಬಲ್ಲ ಬೆರಳಿಗೆ ಇದು ಬೇಗ ಒಲಿದೀತು. ಟೇಪಿನ ಮೇಲೆ ರೇಕನ್ನಿಟ್ಟು, ಮಡಿಸಿ, ಬಿಡಿಸಿ, ಮತ್ತೆ ಮಡಿಸಿ, ಸುಮಾರು 285 ನ್ಯಾನೊಮೀಟರ್ ಆಕ್ಸೈಡ್ ಹೊದಿಸಿದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿದಾಗ, ಪದರಗಳ ಸಂಖ್ಯೆಗೆ ತಕ್ಕಂತೆ ಬಣ್ಣದ ಛಾಯೆ ಸೂಕ್ಷ್ಮದರ್ಶಕದಲ್ಲಿ ಬದಲಾಗುತ್ತದೆ. ಇಷ್ಟೂ ನಡೆಯಬೇಕಾದದ್ದು ಆರ್ಗಾನ್ ಅನಿಲ ತುಂಬಿದ ಗ್ಲೋವ್ ಬಾಕ್ಸಿನಲ್ಲಿ; ಹೊರಗೆ ತೆಗೆಯುವ ಮುನ್ನ ಪದರದ ಕೆಳಗೂ ಮೇಲೂ ಬೋರಾನ್ ನೈಟ್ರೈಡ್ ಹೊದಿಸಬೇಕು. ಜಗತ್ತಿನ ಬಹುಪಾಲು ಪ್ರಯೋಗಾಲಯಗಳಿಗೆ ಈ ಹೊದಿಕೆಯ ಹರಳು ಬರುವುದು ಜಪಾನಿನ ತ್ಸುಕುಬಾದಿಂದ. ಅದನ್ನು ಬೆಳೆಸುವ ವತಾನಬೆ ಮತ್ತು ತಾನಿಗುಚಿಯವರ ಹೆಸರುಗಳು ಲೆಕ್ಕವಿಲ್ಲದಷ್ಟು ಪ್ರಬಂಧಗಳಲ್ಲಿ ಸಹಲೇಖಕರಾಗಿ ಕಾಣುತ್ತವೆ; ಅದು ತಕ್ಕ ಮರ್ಯಾದೆಯೇ, ಆದರೆ ಉಳಿದ ಹರಳುಗಾರರಲ್ಲಿ ಹಲವರಿಗೆ ಅದು ಸಲ್ಲುತ್ತಿಲ್ಲ.

ಪದರಗಳನ್ನು ಎಣಿಸಲು ಕರ್ನಾಟಕಕ್ಕೆ ಹತ್ತಿರದ ಉಪಾಯವೊಂದಿದೆ. ಸರ್ ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಬೆನ್ನು ಬಿಡದ ಬೆಳಕಿನ ಚದುರಿಕೆಯೇ ಆ ಉಪಾಯ. ಪದರಗಳ ಕಂಪನಗಳು ಚದುರಿದ ಬೆಳಕಿನ ಬಣ್ಣವನ್ನು, ಪದರಗಳ ಸಂಖ್ಯೆಗೆ ತಕ್ಕಂತೆ, ತುಸು ಬದಲಿಸುತ್ತವೆ. ಎಣಿಕೆಯಾಚೆಗೂ ಇದರ ಬಳಕೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಸೂದ್ ಅವರ ತಂಡ 2008ರಲ್ಲಿ ಗ್ರಾಫೀನಿಗೆ ವಿದ್ಯುದಂಶ ತುಂಬುವುದನ್ನು ಇದೇ ಚದುರಿಕೆಯಿಂದ ಅಳೆದು ತೋರಿಸಿತು. 2016ರಲ್ಲಿ ಕೊರಿಯಾದ ವಿಜ್ಞಾನಿಗಳು ಕಬ್ಬಿಣ, ರಂಜಕ, ಗಂಧಕ ಕೂಡಿದ ವಸ್ತುವಿನ ಒಂಟಿ ಪದರದಲ್ಲಿ ಸ್ಪಿನ್‌ಗಳು ಸಾಲುಗೂಡುವುದನ್ನು ಕಂಡದ್ದೂ ರಾಮನ್ ಬೆಳಕಿನಿಂದಲೇ. ನೆರೆಯ ಸ್ಪಿನ್‌ಗಳು ಎದುರುಬದುರಾಗಿ ನಿಂತು ಒಟ್ಟು ಕಾಂತತ್ವ ಸೊನ್ನೆಯಾಗುವ ಅಂಥ ಪ್ರತಿಕಾಂತ ವಸ್ತುವನ್ನು ಬೇರೆ ವಿಧಾನದಿಂದ ಹಿಡಿಯುವುದು ಬಹು ಕಷ್ಟ.

ಎಣಿಕೆ ಮುಗಿದರೆ ಎಲ್ಲ ಮುಗಿಯಿತು ಎಂಬ ಭಾವನೆಯೊಂದಿಗೇ ನಿಜವಾದ ಜಗಳ. ಅಯಸ್ಕಾಂತದಿಂದ ಮರಳುವ ಬೆಳಕಿನ ಕಂಪನತಲ ತುಸು ಹೊರಳುತ್ತದೆಂದು ಜಾನ್ ಕೆರ್ 1877ರಲ್ಲಿ ಕಂಡಿದ್ದರು. ಆ ಹೊರಳಿಕೆಯನ್ನು ಅಳೆದಾಗ ಕ್ರೋಮಿಯಂ ಟ್ರೈಅಯೋಡೈಡಿನ ಒಂದು ಪದರ ಅಯಸ್ಕಾಂತ, ಎರಡು ಪದರ ಕೂಡಿದರೆ ಸೊನ್ನೆ, ಮೂರಕ್ಕೆ ಮತ್ತೆ ಅಯಸ್ಕಾಂತ. ದಪ್ಪ ಹರಳಿನಲ್ಲಿ ಪದರಗಳೆಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದರೆ, ಎರಡೇ ಪದರ ಮಾತ್ರ ಏಕೆ ಮುನಿಸಿಕೊಂಡು ಎದುರುಬದುರು ನಿಲ್ಲಬೇಕು? ದಪ್ಪ ಹರಳು 210 ಕೆಲ್ವಿನ್ ಆಸುಪಾಸಿನಲ್ಲಿ ತಣಿಯುವಾಗ ಪದರಗಳು ಪಕ್ಕಕ್ಕೆ ತುಸು ಜಾರಿ ಹೊಸ ಜೋಡಣೆಗೆ ಬರುತ್ತವೆ. ತೆಳು ರೇಕುಗಳು ಜಾರದೆ, ಕೋಣೆಯ ಶಾಖದ ಹಳೆಯ ಜೋಡಣೆಯಲ್ಲಿಯೇ ಉಳಿದುಬಿಡುತ್ತವೆ. 2019ರಲ್ಲಿ ಎರಡು ಪದರದ ರೇಕನ್ನು ಭಾರೀ ಒತ್ತಡಕ್ಕೆ ಸಿಕ್ಕಿಸಿದಾಗ ಪದರ ಜಾರಿತು, ಎರಡೂ ಒಂದೇ ದಿಕ್ಕಿಗೆ ತಿರುಗಿದವು, ಒತ್ತಡ ತೆಗೆದ ಮೇಲೂ ಹಾಗೆಯೇ ಉಳಿದವು. ಪದರಗಳ ಸಂಖ್ಯೆ ಬದಲಾಗಿರಲಿಲ್ಲ, ಅವು ಕೂತ ಬಗೆ ಬದಲಾಗಿತ್ತು.

ಇಷ್ಟು ತಿಳಿದ ಮೇಲೂ ಹರಳು ಎಷ್ಟು ಡಿಗ್ರಿಯಲ್ಲಿ ಬೆಳೆಯಿತು, ಎಷ್ಟು ಬೇಗ ತಣಿಯಿತು, ಟೇಪಿನ ಮೇಲೆ ಯಾವ ಕಡೆಗೆ ಎಳೆಯಲ್ಪಟ್ಟಿತು ಎಂಬುದನ್ನು ಬರೆಯದೆ, ಪದರಗಳ ಸಂಖ್ಯೆಯೊಂದನ್ನೇ ಕೊಟ್ಟು, ಫಲಿತಾಂಶ ಬೇರೆಯವರಿಗೆ ಮರಳಿ ದೊರೆಯದಿದ್ದಾಗ ಬೆಳೆಸಿದವರ ಹರಳಿನ ಮೇಲೆ ದೂರು ಹೊರಿಸುವುದು ಅನ್ಯಾಯ, ಮತ್ತು ಶುದ್ಧ ಸೋಮಾರಿತನ. ಬಂಕಾಪುರದ ಕಂಬಗಳನ್ನು ಕಡೆದವರು ಹೀಗೆ ಮಾಡಿದ್ದರೆ ಒಂದು ಕಂಬವೂ ನಿಲ್ಲುತ್ತಿರಲಿಲ್ಲ. ಪದರಗಟ್ಟಿದ ಕಲ್ಲು ಪದರದ ಗುಂಟ ಸುಲಭವಾಗಿ ಸೀಳುತ್ತದೆ, ಅಡ್ಡಲಾಗಿ ಮಾತ್ರ ಭಾರ ಹೊರುತ್ತದೆ. ಪದರ ಮಲಗಿದ ದಿಕ್ಕನ್ನು ಓದಿಕೊಳ್ಳದೆ ಉಳಿಯಿಟ್ಟರೆ ಚಕ್ಕೆ ಏಳುವುದು ಮೊದಲ ಪೆಟ್ಟಿಗೇ. ಅರವತ್ತು ಕಂಬಗಳ ನಡುವೆ ನಿಂತು, ಕಡೆದ ಉಂಗುರಗಳ ಅಂಚು ಒಂದು ಕೂದಲಿನಷ್ಟೂ ಮುಕ್ಕಾಗದೆ ಸುತ್ತು ಬಂದಿರುವುದನ್ನು ನೋಡಿದರೆ, ಆ ಶಿಲ್ಪಿಗಳು ಗಣಿಯಲ್ಲಿಯೇ ಕಲ್ಲನ್ನು ಎಷ್ಟು ಹೊತ್ತು ತಿರುಗಿಸಿ, ನೀರು ಚಿಮುಕಿಸಿ, ಅದರ ಗೆರೆಗಳನ್ನು ನೋಡಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.